ಬದುಕಿದ್ದವಳಿಗೆ ಒಂಬತ್ತು ಮೇಣದಬತ್ತಿ

ಜೂನ್ 10, ಸೋಮವಾರ, ಬೆಳಿಗ್ಗೆ 7.40. ಸಾನ್ ತೆಲ್ಮೊ ಠಾಣೆಯ ಮುಂದೆ ಒಂದು ಬಾಡಿಗೆ ಟ್ರೈಸಿಕಲ್ ರಿಕ್ಷಾ ನಿಂತಿತು. ಅದರಿಂದ ಇಳಿದ ಹೆಂಗಸನ್ನು ಕಂಡು, ಠಾಣಾ ಡೈರಿ ಬರೆಯುತ್ತಿದ್ದ ಪೇದೆ ಓರೊಸ್ಕೊ ಪೆನ್ನು ಕೆಳಗಿಟ್ಟ. ಹೆಂಗಸಿನ ಹೆಸರು ಫ್ಲೋರ್ದೆಲಿಸ ಕಾಸ್ತಿಲ್ಯೊ, ವಯಸ್ಸು ಐವತ್ತೆರಡು. ಊರಿನ ಬಾಯಲ್ಲಿ ಮೇಡಂ ದೆಲಿಸ. ಹೊರದೇಶಕ್ಕೆ ಕೆಲಸಕ್ಕೆ ಜನರನ್ನು ಕಳಿಸುವ ಏಜೆನ್ಸಿ ನಡೆಸಿದವಳು. ಸುಳ್ಳು ನೇಮಕ ಪತ್ರ ಕೊಟ್ಟಳೆಂದು ಅವಳ ಮೇಲೆ ಹನ್ನೊಂದು ದೂರುಗಳಿದ್ದವು. ಜಾಮೀನಿನ ಮೇಲೆ ಹೊರಗಿದ್ದಳು. ಠಾಣೆಗೆ ಅವಳನ್ನು ಕರೆದು ತಂದದ್ದುಂಟು, ತಾನಾಗಿ ಬಂದದ್ದು ಇದೇ ಮೊದಲು.

ಇನ್‌ಸ್ಪೆಕ್ಟರ್ ಬೆನಿಗ್ನೊ ತಬಿಯೋಸ್ ಅವರ ಮೇಜಿನ ಮೇಲೆ ಅವಳು ಒಂದು ಪೇಪರ್ ಪೊಟ್ಟಣ ಬಿಚ್ಚಿದಳು. ಒಳಗೆ ನಾಲ್ಕು ಬಿಳಿ ಮೇಣದಬತ್ತಿ.

"ನಮ್ಮ ಮನೇಲಿ ಯಾರೂ ಸತ್ತಿಲ್ಲ ಇನ್‌ಸ್ಪೆಕ್ಟರ್," ಅಂದಳು. "ಆದ್ರೆ ಯಾರೋ ಪ್ರಾರ್ಥನೆ ಶುರು ಮಾಡಿದ್ದಾರೆ."

"ಎಲ್ಲಿ ಸಿಕ್ತು ಇವು?"

"ಮಹಡಿ ಜಗಲೀಲಿ. ಗುರುವಾರದಿಂದ ದಿನಾ ಒಂದೊಂದು. ಡ್ರೋನ್ ತಂದು ಹಾಕುತ್ತೆ."

"ಎಷ್ಟು ಹೊತ್ತಿಗೆ?"

"ಮೂರಕ್ಕೆ. ಚರ್ಚಿನ ಗಂಟೆ ಹೊಡೀವಾಗ."

ಬಾಗಿಲಲ್ಲಿ ನಿಂತಿದ್ದ ಮಹಿಳಾ ಪೇದೆ ನೆನಿತಾ ದುಮ್ಲಾವ್ ತನಗೇ ತಿಳಿಯದಂತೆ ಶಿಲುಬೆ ಗುರುತು ಮಾಡಿಕೊಂಡಳು. ಆ ಊರಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸತ್ತವರಿಗೆ ಒಂಬತ್ತು ದಿನ ಪ್ರಾರ್ಥನೆ. ಒಂಬತ್ತನೆಯ ದಿನ ಆತ್ಮ ಮನೆ ಬಿಟ್ಟು ಹೋಗುತ್ತದೆ. ಗುರುವಾರ ಆರನೇ ತಾರೀಖು ಒಂದು ಎಂದು ಎಣಿಸಿದರೆ ಒಂಬತ್ತು ಬೀಳುವುದು ಹದಿನಾಲ್ಕನೇ ತಾರೀಖು, ಶುಕ್ರವಾರ.

ಅವಳು ಹೋದ ಮೇಲೆ ಓರೊಸ್ಕೊ ದೂರು ದಾಖಲಿಸುತ್ತಾ ಗೊಣಗಿದ. "ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ ಸಾರ್. ಊರಿನ ಹೆಣ್ಮಕ್ಕಳನ್ನೆಲ್ಲ ಮಾರಿ ತಿಂದವಳಿಗೆ ನಾವು ಕಾವಲು ಕೂರ್ಬೇಕಾ?"

"ಕೂರ್ಬೇಕು."

"ನಮ್ಮಮ್ಮಂಗೆ ಗೊತ್ತಾದ್ರೆ ನಂಗೆ ಅನ್ನ ಹಾಕಲ್ಲ."

"ಹಾಗಾದ್ರೆ ಹೇಳ್ಬೇಡ," ಅಂದರು ತಬಿಯೋಸ್. ಅವರಿಗೂ ಆ ಹೆಂಗಸನ್ನು ಕಂಡರೆ ಆಗುತ್ತಿರಲಿಲ್ಲ. ಆದರೆ ಒಬ್ಬಳನ್ನು ಇಂಥ ದಿನ ಕೊಲ್ಲುತ್ತೇನೆಂದು ಯಾರೋ ದಿನ ಎಣಿಸುತ್ತಿರುವಾಗ, ಅವಳು ಎಂಥವಳು ಎಂದು ನೋಡುತ್ತಾ ಕೂರುವುದು ಪೊಲೀಸರ ಕೆಲಸವಲ್ಲ.

ಅದೇ ದಿನ ಮಧ್ಯಾಹ್ನ 2.50ಕ್ಕೆ ಮೂವರೂ ದೆಲಿಸಳ ಮಹಡಿಯಲ್ಲಿದ್ದರು. ಮನೆಯ ಸುತ್ತ ಎರಡಾಳೆತ್ತರದ ಗೋಡೆ, ಗೋಡೆಯ ಮೇಲೆ ಗಾಜಿನ ಚೂರು. ಅಡುಗೆಯ ಇಸ್ಯಾ ಅಜ್ಜಿ ಶುಂಠಿ ಕಷಾಯ ತಂದಿಟ್ಟಳು, ಯಾರೂ ಕುಡಿಯಲಿಲ್ಲ. ಗಂಟೆ ಹೊಡೆಯಿತು. ಮೊದಲು ಜೇನುನೊಣದ ಸದ್ದು ಬಂತು. ಆಮೇಲೆ ಪಡುವಣದಿಂದ ಬೂದುಬಣ್ಣದ ಡ್ರೋನ್ ಬಂದು ಜಗಲಿಯ ಮುಂದೆ ನಿಂತಿತು. ಕೆಳಗೆ ಕೊಕ್ಕೆಯಲ್ಲಿ ನೂಲು, ನೂಲಿನಲ್ಲಿ ಮೇಣದಬತ್ತಿ. ಕೊಂಚ ವಾಲಿ ಬತ್ತಿಯನ್ನು ಬೀಳಿಸಿತು. ಆದರೆ ತಕ್ಷಣ ಹೋಗಲಿಲ್ಲ. ದೆಲಿಸ ಬಾಗಿಲ ಹಿಂದೆ ಸರಿದರೆ ಅದೂ ಅತ್ತ ಸರಿಯಿತು. ಒಂದು ನಿಮಿಷ ಅವಳ ಮುಖವನ್ನೇ ನೋಡಿ ಬಂದ ದಾರಿಯಲ್ಲಿ ಹೋಯಿತು.

"ಐದು," ಅಂದಳು ಇಸ್ಯಾ ಅಜ್ಜಿ, ಅನ್ನಕ್ಕೆ ಅಕ್ಕಿ ಅಳೆಯುವವಳ ದನಿಯಲ್ಲಿ. ತಬಿಯೋಸ್ ಬಗ್ಗಿ ಬತ್ತಿಯನ್ನು ಎತ್ತಿಕೊಂಡರು.

ಹನ್ನೊಂದನೇ ತಾರೀಖು ಬೆಳಗಿನಿಂದ ವಿಚಾರಣೆ. ದೂರು ಕೊಟ್ಟ ಹನ್ನೊಂದು ಕುಟುಂಬಗಳನ್ನೂ ಮಾತಾಡಿಸಿದರು. ಮೂರು ಗಂಟೆಗೆ ಎಲ್ಲರೂ ಹೊಲದಲ್ಲೋ ಮೀನು ಮಾರುಕಟ್ಟೆಯಲ್ಲೋ ಹತ್ತು ಜನರ ಮುಂದೆ ಇದ್ದವರೇ. ಊರಿಗೆ ಗೊತ್ತಿದ್ದಂತೆ ಡ್ರೋನ್ ಇದ್ದದ್ದು ಇಬ್ಬರ ಹತ್ತಿರ. ಒಂದು ಮದುವೆ ಫೋಟೋದವನದು, ಕೆಟ್ಟು ಕೂತಿತ್ತು. ಇನ್ನೊಂದು ಗದ್ದೆಗೆ ಔಷಧಿ ಹೊಡೆಯುವುದು, ಅದು ಕರುವಿನಷ್ಟು ದಪ್ಪ.

ಮಧ್ಯಾಹ್ನ ಓರೊಸ್ಕೊ ಅಪ್ಪನ ಬೀಸುಬಲೆ ಹೊತ್ತು ತಂದ. ಮೀನುಗಾರರ ಮನೆಯವನು, ಬಲೆ ಬೀಸುವುದರಲ್ಲಿ ಎತ್ತಿದ ಕೈ. ಮೂರು ಗಂಟೆಗೆ ಡ್ರೋನ್ ಬತ್ತಿ ಬೀಳಿಸಿ ನಿಂತದ್ದೇ ತಡ, ಜಗಲಿಯಿಂದ ಬಲೆ ಹಾರಿತು. ಬಲೆಯ ಅಂಚಿನ ಸೀಸದ ಗುಂಡು ತಗುಲಿ ಡ್ರೋನ್ ಗಿರಗಿರನೆ ತಿರುಗಿತು. ಬಿದ್ದೇ ಹೋಯಿತು ಅನ್ನುವಾಗ ಸಾವರಿಸಿಕೊಂಡು ಗೋಡೆ ದಾಟಿತು. ಹಿಂದೆ ಉಳಿದದ್ದು ರೆಕ್ಕೆಗೆ ಸುತ್ತಿದ ಪ್ಲಾಸ್ಟಿಕ್ ಕವಚದ ಒಂದು ತುಂಡು.

ಕೇರಿಯ ಮುಖಂಡ ಮತ್ತು ಪಕ್ಕದ ಮನೆಯ ದರ್ಜಿಯನ್ನು ಪಂಚರನ್ನಾಗಿ ಕೂರಿಸಿ 3.40ಕ್ಕೆ ಪಂಚನಾಮೆ ಬರೆದರು. ಬೂದು ಪ್ಲಾಸ್ಟಿಕ್ ತುಂಡು ಒಂದು, ಉದ್ದ ಹನ್ನೊಂದು ಸೆಂಟಿಮೀಟರ್. ಅದರ ಮೇಲೆ ಅಂಟಿಸಿದ ಹಳದಿ ಕಾಗದದ ಟೇಪು. ಟೇಪಿನ ಮೇಲೆ ಕಪ್ಪು ಮಾರ್ಕರಿನಲ್ಲಿ ದುಂಡಗೆ ಬರೆದ ಒಂದೇ ಮಾತು: ಅಪ್ಪನಿಗೆ.

"ಅಂಗಡೀಲಿ ತಗೊಂಡಿದ್ದಲ್ಲ ಸಾರ್ ಇದು," ಅಂದಳು ನೆನಿತಾ.

"ಹೇಗೆ ಹೇಳ್ತೀಯ?"

"ಇದು ಪೆಟ್ಟಿಗೆ ಟೇಪು. ನಮ್ಮಮ್ಮ ಹದಿನಾಲ್ಕು ವರ್ಷ ಹೊರದೇಶದಲ್ಲಿದ್ಲು. ವರ್ಷಕ್ಕೊಂದು ದೊಡ್ಡ ಪೆಟ್ಟಿಗೆ ಹಡಗಲ್ಲಿ ಬರೋದು. ಸೋಪು, ಚಪ್ಲಿ, ಡಬ್ಬಿ ಮಾಂಸ, ಎಲ್ಲದರ ಮೇಲೂ ಇಂಥ ಟೇಪು. ಇದು ಅಜ್ಜಿಗೆ, ಇದು ನೆನಿಗೆ, ಇದು ಪಕ್ಕದ್ಮನೆ ಪಾದ್ರಿಗೆ. ಹೆಸರು ಬರೀದೆ ಇದ್ರೆ ಮನೇಲಿ ಯುದ್ಧ ಆಗುತ್ತಲ್ಲ."

"ಅಂದ್ರೆ ಯಾರದೋ ಮಗಳು ಕಳಿಸಿದ್ದು."

"ಮಗಳೇ ಸಾರ್. ಗಂಡುಮಕ್ಕಳು ಇಷ್ಟು ದುಂಡಗೆ ಬರೀತಾರಾ?" ನೆನಿತಾ ತುಂಡನ್ನು ಲಕೋಟೆಗೆ ಹಾಕಿದಳು. "ನಾನಂತೂ ಅಮ್ಮನ ಟೇಪು ಒಂದನ್ನೂ ಕಿತ್ತಿಲ್ಲ. ಚಪ್ಲಿ ಸವೆದು ಹೋದ್ರೂ ಟೇಪು ಇಟ್ಕೊಂಡಿದೀನಿ."

ಹನ್ನೆರಡನೇ ತಾರೀಖು ಸ್ವಾತಂತ್ರ್ಯ ದಿನ. ಕಚೇರಿಗಳಿಗೆ ಬೀಗ, ಪೊಲೀಸರಿಗೆಲ್ಲ ಮೆರವಣಿಗೆಯ ಬಂದೋಬಸ್ತು. ಬಾಜಾ ಭಜಂತ್ರಿಯ ಮಧ್ಯೆ ಮೂರು ಗಂಟೆಗೆ ಏಳನೆಯ ಮೇಣದಬತ್ತಿ ಬಿತ್ತು. ಈ ಸಲ ತೆಂಗಿನ ಮರಕ್ಕಿಂತ ಮೇಲಿನಿಂದ. ಬತ್ತಿ ಎರಡು ತುಂಡಾಗಿತ್ತು.

ಹದಿಮೂರು, ಗುರುವಾರ, ಬೆಳಿಗ್ಗೆ 8.15. ಊರಿಗೆ ಬರುವ ಪೆಟ್ಟಿಗೆಗಳೆಲ್ಲ ಪುರಿಂಗ್ ಅನ್ನುವ ದಪ್ಪ ಹೆಂಗಸಿನ ಗೋದಾಮಿನಿಂದಲೇ ಮನೆಮನೆಗೆ ಹೋಗಬೇಕು. ಅವಳು ಒಣಮೀನು ಕರಿದು ಅನ್ನಕ್ಕೆ ಹಾಕಿಕೊಂಡು ಕೂತಿದ್ದಳು.

"ಈ ವರ್ಷ ಡ್ರೋನ್ ಇದ್ದ ಪೆಟ್ಟಿಗೆ ಎಷ್ಟು ಬಂತು?" ಕೇಳಿದರು ತಬಿಯೋಸ್.

"ಕಾಗದದ ಮೇಲೋ, ನಿಜವಾಗ್ಲೋ?"

"ಎರಡೂ ಹೇಳು."

"ನಿಜವಾಗಿ ಎಷ್ಟು ಬಂತೋ ದೇವರಿಗೇ ಗೊತ್ತು. ಎಲ್ರೂ ಆಟದ ಸಾಮಾನು ಅಂತ ಬರೀತಾರೆ. ಕಾಗದದ ಮೇಲೆ ಬಂದಿದ್ದು ಒಂದೇ ಒಂದು. ಆ ಹುಡುಗಿ ಪಟ್ಟೀಲಿ ಡ್ರೋನ್ ಅಂತ್ಲೇ ಬರೆದುಬಿಟ್ಟಿತ್ತು. ಬಂದರಲ್ಲಿ ಹಿಡಿದಿಟ್ರು. ಪರವಾನಗಿ ತಗೊಂಡು ಬನ್ನಿ ಅಂದ್ರು."

"ಆಮೇಲೆ?"

"ನಾನು ಹೇಳ್ದೆ, ಮಾಮ, ಪಟ್ಟೀನ ಆಟದ ಸಾಮಾನು ಅಂತ ತಿದ್ದಿಸಿ ಕೊಡ್ತೀನಿ, ಐನೂರು ಪೆಸೊ ಖರ್ಚು ಅಷ್ಟೆ ಅಂತ. ನಂಗೇ ಬೈದ್ರು. ಯಾವ್ಯಾವ ಕಾಗದ ಬೇಕು ಅದನ್ನ ಹೇಳು ಅಂದ್ರು. ಏಳು ಸಲ ಪ್ರಾಂತದ ರಾಜಧಾನಿಗೆ ಬಸ್ಸಲ್ಲಿ ಹೋದ್ರು ಸಾರ್, ಹೋಗೋಕೆ ನಾಲ್ಕು ತಾಸು, ಬರೋಕೆ ನಾಲ್ಕು. ರೇಡಿಯೋ ಯಂತ್ರ ತರ್ಸೋಕೆ ಅನುಮತಿ. ಸ್ವಂತ ಬಳಕೆಗೆ, ಮಾರೋಕಲ್ಲ ಅಂತ ವಕೀಲರ ಮುಂದೆ ಪ್ರಮಾಣ ಪತ್ರ. ಸುಂಕ ಕಟ್ಟಿದ ರಸೀದಿ. ವಿಮಾನದ ಕಚೇರೀಲಿ ನೋಂದಣಿ ಬೇರೆ. ಒಂದು ಆಟಿಕೆಗೆ ಅಷ್ಟು ಕಾಗದ ಮಾಡ್ಸಿದವ್ರನ್ನ ನಾನು ಕಂಡಿಲ್ಲ. ಮೇ ಹದಿನೈದಕ್ಕೆ ಬಿಡುಗಡೆ ಆಯ್ತು."

"ಯಾವ ಮಾಮ?"

ಪುರಿಂಗ್ ಕೈ ತೊಳೆದುಕೊಂಡಳು. "ನಿಮ್ಗೂ ಗೊತ್ತಿರೋರೇ. ತಾಸ್ಯೋ ಮಾಮ. ಆ ಪೆಟ್ಟಿಗೆ ಬಂದಾಗ ಹುಡುಗಿ ಮಣ್ಣಾಗಿ ತಿಂಗಳ ಮೇಲಾಗಿತ್ತು ಸಾರ್. ಹೆಣ ವಿಮಾನದಲ್ಲಿ ಬಂತು, ಪೆಟ್ಟಿಗೆ ಹಡಗಲ್ಲಿ ಬಂತು."

ತಬಿಯೋಸ್ ಆ ಹೆಸರನ್ನು ಬರೆದುಕೊಂಡರು. ತಾಸ್ಯೋ ಎಂದರೆ ಅನಸ್ತಾಸಿಯೊ ಗಲ್ವೆಜ್, ಅರವತ್ತೊಂದು ವರ್ಷ, ಪುರಸಭೆಯ ಜನನ ಮರಣ ನೋಂದಣಿ ಗುಮಾಸ್ತನಾಗಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಊರಲ್ಲಿ ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಅವನ ಮೊಹರು ಬೀಳದೆ ನಂಬಿಕೆ ಇರಲಿಲ್ಲ. ಮಗಳು ರೋಸಾಲ್ ಕೊಲ್ಲಿ ದೇಶದ ಆಸ್ಪತ್ರೆಯಲ್ಲಿ ಕೆಲಸವೆಂದು ಹೋದವಳು. ಸಿಕ್ಕಿದ್ದು ಒಂದು ಮನೆಯ ಚಾಕರಿ. ಜನವರಿಯಲ್ಲಿ ಆ ಮನೆಯ ಮೂರನೇ ಮಹಡಿಯಿಂದ ಬಿದ್ದು ಸತ್ತಳೆಂದು ಕಾಗದ ಬಂದಿತ್ತು. ಅವಳನ್ನು ಕಳಿಸಿದ್ದೂ ದೆಲಿಸಳೇ. ಆದರೆ ದೂರುಗಳ ಪಟ್ಟಿಯಲ್ಲಿ ತಾಸ್ಯೋನ ಹೆಸರಿರಲಿಲ್ಲ. ಹನ್ನೆರಡನೆಯವನು ದೂರನ್ನೇ ಕೊಟ್ಟಿರಲಿಲ್ಲ.

10.30ಕ್ಕೆ ಮನೆ ಶೋಧ. ಬಾಗಿಲಿಗೆ ಬೀಗ. ಮಂಗಳವಾರ ಸಂಜೆಯೇ ಚೀಲ ಹಿಡಿದು ಹೊರಟರೆಂದು ನೆರೆಯವರು ಹೇಳಿದರು. ಪಂಚರ ಮುಂದೆ ಬೀಗ ಒಡೆದು ಒಳಗೆ ಹೋದರು. ಮಗಳ ಫೋಟೋ, ಅದರ ಮುಂದೆ ಹೂವು. ನೆಲದ ಮೇಲೆ ಆ ಪೆಟ್ಟಿಗೆಯ ಸಾಮಾನೆಲ್ಲ ಸಾಲಾಗಿ ಜೋಡಿಸಿತ್ತು. ಸೋಪು, ಚಾಕೊಲೇಟು, ಟವೆಲು, ಬೂಟು. ಒಂದನ್ನೂ ಬಿಚ್ಚಿರಲಿಲ್ಲ. ಎಲ್ಲದರ ಮೇಲೂ ಅದೇ ಟೇಪು, ಅದೇ ದುಂಡು ಅಕ್ಷರ. ನೆನಿತಾ ಆ ಸಾಲನ್ನು ತುಳಿಯದೆ ಗೋಡೆಯಂಚಿನಿಂದ ಒಳಗೆ ಹೋದಳು.

ಮೇಜಿನ ಮೇಲೆ ಒಂದು ಕಡತ. ಆಮದು ಪರವಾನಗಿ, ಪ್ರಮಾಣ ಪತ್ರ, ಸುಂಕದ ರಸೀದಿ, ನೋಂದಣಿ ಚೀಟಿ, ಎಲ್ಲ ತಾರೀಖಿನ ಪ್ರಕಾರ ದಾರ ಹಾಕಿ ಹೊಲಿದದ್ದು. ಅದರ ಕೆಳಗೆ ಮೇಲಿನಿಂದ ತೆಗೆದ ಫೋಟೋಗಳು, ಒಟ್ಟು ಮೂವತ್ತೆಂಟು. ಗೋಡೆಯ ಮೇಲೆ ಮಚ್ಚಿನ ಒರೆ ನೇತಾಡುತ್ತಿತ್ತು. ಒಳಗೆ ಮಚ್ಚಿರಲಿಲ್ಲ.

"ಕ್ಯಾಲೆಂಡರ್ ನೋಡಿ ಸಾರ್," ಅಂದ ಓರೊಸ್ಕೊ. ಜೂನ್ ಹದಿನಾಲ್ಕರ ಸುತ್ತ ಕೆಂಪು ಶಾಯಿಯ ಗೆರೆ. ಪಕ್ಕದಲ್ಲಿ ಗುಮಾಸ್ತನ ಅಚ್ಚುಕಟ್ಟಾದ ಬರಹ: ರೋಸಾಲ್, 26 ತುಂಬುತ್ತದೆ.

ಬಸ್ ನಿಲ್ದಾಣ, ಸೇತುವೆ, ಚರ್ಚು, ಎಲ್ಲ ಕಡೆ ಜನ ಹಾಕಿದರು. ತಾಸ್ಯೋ ಸಿಗಲಿಲ್ಲ. ಮೂರು ಗಂಟೆಗೆ ಎಂಟನೆಯ ಬತ್ತಿ ಬಿತ್ತು. ತಬಿಯೋಸ್ ದೆಲಿಸಳಿಗೆ ಹೇಳಿದರು, "ನಾಳೆ ಒಂದಿನ ಠಾಣೇಲಿ ಬಂದು ಇರಿ."

"ಠಾಣೇಲಿ ಕೂತ್ರೆ ನಾನೇ ತಪ್ಪಿತಸ್ಥೆ ಅಂತ ಊರು ಅಂದ್ಕೊಳ್ಳುತ್ತೆ."

"ಈಗೇನಂದ್ಕೊಂಡಿದೆ?"

ದೆಲಿಸ ಜಗಲಿಯ ಬಾಗಿಲಿಗೆ ಅಗುಳಿ ಹಾಕಿದಳು. ಕಣ್ಣ ಸುತ್ತ ಕಪ್ಪು ಕಟ್ಟಿತ್ತು, ಸೆರಗಿನಂತೆ ಹೊದ್ದ ಶಾಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದಳು. ಎಂಟು ದಿನದಲ್ಲಿ ಎಂಟು ವರ್ಷ ಮುದಿಯಾಗಿದ್ದಳು.

ಹದಿನಾಲ್ಕು, ಶುಕ್ರವಾರ, ಮಧ್ಯಾಹ್ನ 2.30. ಮಳೆ ಮೋಡ ಕವಿದಿತ್ತು. ಮುಂಬಾಗಿಲಲ್ಲಿ ನಾಲ್ವರು ಪೇದೆಗಳು, ಎಲ್ಲರ ಮುಖ ಆಕಾಶದ ಕಡೆ. ಓರೊಸ್ಕೊ ಮಹಡಿಯಲ್ಲಿ ಬಲೆ ಹಿಡಿದಿದ್ದ. ತಬಿಯೋಸ್ ಜೀಪಿನ ಬಾನೆಟ್ಟಿನ ಮೇಲೆ ಆ ಮೂವತ್ತೆಂಟು ಫೋಟೋಗಳನ್ನು ಮತ್ತೊಮ್ಮೆ ಹರಡಿದ್ದರು. ಬೆಳಗಿನಿಂದ ಅವರನ್ನು ಏನೋ ಕೊರೆಯುತ್ತಿತ್ತು.

"ನೆನಿತಾ, ಇದ್ರಲ್ಲಿ ಮಹಡಿ ಫೋಟೋ ಎಷ್ಟಿದೆ?"

ಅವಳು ಎಣಿಸಿದಳು. "ಎರಡು."

"ಮಿಕ್ಕಿದ್ದು?"

"ಹಿಂಬಾಗ್ಲು. ಅಲ್ಲಿಂದ ಹೊಳೆಗೆ ಹೋಗೋ ಕಾಲುದಾರಿ. ದೋಣಿಕಟ್ಟೆ."

ತಬಿಯೋಸ್ ನೆಟ್ಟಗಾದರು. ದನ ಅಟ್ಟುವವನು ಕೋಲು ಬೀಸುವುದು ಒಂದು ಕಡೆ, ದೊಡ್ಡಿಯ ಬಾಗಿಲು ತೆರೆದಿಡುವುದು ಇನ್ನೊಂದು ಕಡೆ. ಎಂಟು ದಿನ ಅವನು ಮಹಡಿಯ ಕಡೆ ಬೀಸಿದ್ದು ಕೋಲು, ದೊಡ್ಡಿಯ ಬಾಗಿಲು ದೋಣಿಕಟ್ಟೆ. ಊರಿನ ಪೊಲೀಸರೆಲ್ಲ ಕೋಲು ನೋಡುತ್ತಾ ಕೂತಿದ್ದರು.

"ಮೇಡಂ ಎಲ್ಲಿ?" ಎಂದು ಅವರು ಮಹಡಿಗೆ ಕೂಗಿದರು. ಉತ್ತರ ಅಡುಗೆಮನೆಯಿಂದ ಬಂತು. ಇಸ್ಯಾ ಅಜ್ಜಿ ಮೀನು ಹೆಚ್ಚುತ್ತಿದ್ದಳು. "ಹೋದ್ರಲ್ಲ. ದೋಣಿಗೆ ಹೇಳಿ ಕಳ್ಸಿದ್ರು. ಹಿಂಬಾಗ್ಲಿಂದ ಈಗ ತಾನೇ ಹೋದ್ರು. ನಿಮ್ಗೆ ಹೇಳ್ಬೇಡ ಅಂದ್ರು."

"ಅಜ್ಜಿ, ನೀವಾದ್ರೂ ಹೇಳ್ಬಾರ್ದಾ?"

"ನನ್ನ ಮೊಮ್ಮಗಳನ್ನೂ ಅವ್ರೇ ಕಳ್ಸಿದ್ದು," ಅಂದಳು ಅಜ್ಜಿ, ಕತ್ತಿಯಿಂದ ಕಣ್ಣೆತ್ತದೆ.

ಕಾಲುದಾರಿಯ ಎರಡೂ ಕಡೆ ನೀರುತಾಳೆಯ ಪೊದೆ, ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದು. ಆ ದಾರಿ ಬಿಟ್ಟು ತಬಿಯೋಸ್, ನೆನಿತಾ ಗದ್ದೆಯ ಬದುವಿನ ಮೇಲೆ ಓಡಿ ದೋಣಿಕಟ್ಟೆಯ ಪಕ್ಕಕ್ಕೆ ಬಂದರು. 2.55. ತಲೆಯ ಮೇಲೆ ಜೇನುನೊಣದ ಸದ್ದು ನಿಲ್ಲದೆ ಕೇಳುತ್ತಿತ್ತು.

ಬೋರಲು ಹಾಕಿದ ದೋಣಿಯ ಮೇಲೆ ತಾಸ್ಯೋ ಕೂತಿದ್ದ. ಕಚೇರಿಗೆ ಹಾಕುತ್ತಿದ್ದ ಬಿಳಿ ಕಸೂತಿ ಅಂಗಿ, ಎದೆಗೆ ಸೂತಕದ ಕಪ್ಪು ಪಿನ್ನು. ಎಡಗೈಯಲ್ಲಿ ಡ್ರೋನ್ ನಡೆಸುವ ಯಂತ್ರ, ಅದಕ್ಕೆ ಸುತ್ತಿದ ಜಪಮಾಲೆ. ಬಲಗೈ ತೊಡೆಯ ಮೇಲಿನ ಮಚ್ಚಿನ ಹಿಡಿಯ ಮೇಲಿತ್ತು. ಯಂತ್ರದ ಪರದೆಯಲ್ಲಿ ದೆಲಿಸ ಒಂದು ಸೂಟ್‌ಕೇಸ್ ಎಳೆದುಕೊಂಡು ಬರುತ್ತಿದ್ದಳು, ಇರುವೆಯಷ್ಟು ಚಿಕ್ಕದಾಗಿ. ದಾರಿಯ ತಿರುವಿಗೆ ಇನ್ನು ಐವತ್ತು ಹೆಜ್ಜೆ.

"ತಾಸ್ಯೋ ಮಾಮ," ಅಂದರು ತಬಿಯೋಸ್. ಪಿಸ್ತೂಲು ಒರೆಯಿಂದ ಹೊರಗಿತ್ತು, ಆದರೆ ಕೆಳಮುಖವಾಗಿತ್ತು.

"ಬಂದ್ಯಾ ಬೆನ್. ನಿನ್ನ ದೊಡ್ಡ ಮಗಳ ಜನನ ಪತ್ರ ನಾನೇ ಬರ್ಕೊಟ್ಟಿದ್ದು."

"ಗೊತ್ತು ಮಾಮ. ಮಚ್ಚು ಕೆಳಗಿಡಿ."

"ಇನ್ನೈದು ನಿಮಿಷ ಕೊಡು. ಆಮೇಲೆ ನೀನು ಎಲ್ಲಿ ಸಹಿ ಹಾಕು ಅಂತೀಯೋ ಹಾಕ್ತೀನಿ."

"ಕೊಡೋಕಾಗಲ್ಲ."

"ಹಾಗಾದ್ರೆ ಹೊಡಿ," ಅಂದ ತಾಸ್ಯೋ. ಎದ್ದು ನಿಂತ. ಪೊದೆಯ ಆಚೆ ಸೂಟ್‌ಕೇಸಿನ ಚಕ್ರದ ಸದ್ದು ಕೇಳಿಸತೊಡಗಿತು. ಅವನು ಆ ಕಡೆ ಒಂದು ಹೆಜ್ಜೆ ಇಟ್ಟ. ತಬಿಯೋಸರ ಕೈ ಮೇಲೆದ್ದಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅವರು ಒಬ್ಬ ಮುದುಕನ ಮೇಲೆ ಗುರಿ ಇಟ್ಟದ್ದಿಲ್ಲ.

ಆಗ ನೆನಿತಾ ಜೇಬಿನಿಂದ ಮೊಹರು ಹಾಕಿದ ಲಕೋಟೆ ತೆಗೆದು ಹರಿದಳು. ಅದು ನ್ಯಾಯಾಲಯಕ್ಕೆ ಹೋಗಬೇಕಾದ ಸಾಕ್ಷ್ಯ, ಹಾಗೆ ಒಡೆಯುವುದು ತಪ್ಪು. ಒಡೆದಳು.

"ಮಾಮ, ಇದು ನಿಮ್ದಲ್ವಾ?"

ತಾಸ್ಯೋ ತಿರುಗಿ ನೋಡಿದ. ಅವಳ ಅಂಗೈಯಲ್ಲಿ ಆ ಪ್ಲಾಸ್ಟಿಕ್ ತುಂಡು, ಹಳದಿ ಟೇಪು, ದುಂಡು ಅಕ್ಷರ. ಅವನ ಮುಖ ಸಡಿಲವಾಯಿತು.

"ಮೂರು ದಿನದಿಂದ ಹುಡುಕ್ತಿದೀನಿ," ಅಂದ. "ಗದ್ದೆ ಎಲ್ಲ ಹುಡುಕ್ದೆ. ಮಳೆ ಬಂದ್ರೆ ಅಕ್ಷರ ಹೋಗುತ್ತೆ ಅಂತ."

"ಒದ್ದೆ ಆಗಿಲ್ಲ. ನೋಡಿ. ತಗೊಳ್ಳಿ."

ಒಂದು ಕೈಯಲ್ಲಿ ಯಂತ್ರ, ಒಂದು ಕೈಯಲ್ಲಿ ಮಚ್ಚು. ತಾಸ್ಯೋ ಎರಡನ್ನೂ ನೋಡಿಕೊಂಡ. ಚರ್ಚಿನ ಗಂಟೆ ಹೊಡೆಯಿತು. ಅವನು ಮಚ್ಚನ್ನು ಕೆಸರಿಗೆ ಬಿಟ್ಟು ಕೈ ಚಾಚಿದ. ತಬಿಯೋಸ್ ಆ ಕೈಯನ್ನು ಹಿಡಿದುಕೊಂಡರು. ಟೇಪನ್ನು ಮುಟ್ಟಲು ಬಿಟ್ಟು, ಆಮೇಲೆ ಬೇಡಿ ಹಾಕಿದರು. ಬಂಧನದ ಸಮಯ 3.04.

ಅಷ್ಟರಲ್ಲಿ ದೆಲಿಸ ತಿರುವಿಗೆ ಬಂದು ನಿಂತಳು. ಕೆಸರಿನಲ್ಲಿದ್ದ ಮಚ್ಚನ್ನು, ಬಿಳಿ ಅಂಗಿಯ ಮುದುಕನನ್ನು ನೋಡಿದಳು. "ಯಾರಿವ್ರು?" ಅಂದಳು.

"ರೋಸಾಲ್ ಅಪ್ಪ," ಅಂದಳು ನೆನಿತಾ.

"ಯಾವ ರೋಸಾಲ್?"

ತಾಸ್ಯೋ ಒಮ್ಮೆ ಅವಳ ಮುಖ ನೋಡಿ, ಜೀಪಿನ ಕಡೆ ತಾನೇ ಮುಂದೆ ನಡೆದ.

ಸಂಜೆ 5.20ಕ್ಕೆ ಹೇಳಿಕೆ ಪಡೆದರು. ತಾಸ್ಯೋ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟ. ಓರೊಸ್ಕೊ ಬರೆದದ್ದರಲ್ಲಿ ಎರಡು ತಾರೀಖು ತಿದ್ದಿಸಿದ.

"ದೂರು ಯಾಕೆ ಕೊಡ್ಲಿಲ್ಲ ಮಾಮ?" ಕೇಳಿದರು ತಬಿಯೋಸ್.

"ಏನಂತ ಕೊಡ್ಲಿ? ನೇಮಕದ ಪತ್ರ ಮಗಳು ಮೊದ್ಲು ನನ್ನ ಕೈಗೇ ಕೊಟ್ಟಿದ್ಲು. ಅಪ್ಪ, ನೀನು ನೋಡಿ ಸರಿ ಅಂದ್ರೆ ಹೋಗ್ತೀನಿ ಅಂದ್ಲು. ಬೆಳಕಿಗೆ ಹಿಡಿದು ನೋಡ್ದೆ. ಮೊಹರು ಸರಿ ಇದೆ, ಹೋಗಮ್ಮ ಅಂದೆ. ಮೂವತ್ತೊಂದು ವರ್ಷ ಮೊಹರು ಹೊಡೆದವನು ನಾನು."

ತಬಿಯೋಸ್ ಪರವಾನಗಿಗಳ ಕಡತವನ್ನು ಅವನ ಮುಂದೆ ಸರಿಸಿದರು.

"ಡ್ರೋನಿಗೆ ಅಷ್ಟೆಲ್ಲ ಕಾಗದ ಮಾಡಿಸ್ದೇ ಇದ್ದಿದ್ರೆ ನೀವು ಸಿಗ್ತಾನೇ ಇರ್ಲಿಲ್ಲ."

"ಅವಳು ಕಳ್ಸಿದ್ದು ಬೆನ್. ಅದರ ಮೇಲೂ ಸುಳ್ಳು ಕಾಗದ ಬರೋದು ಬೇಡ ಅನ್ಸ್ತು."

ಮುಟ್ಟುಗೋಲು ಪಟ್ಟಿಗಾಗಿ ನೆನಿತಾ ಡ್ರೋನಿನ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಒಂದೊಂದೇ ವಿಡಿಯೋ ತುಣುಕು ನೋಡಿ ಬರೆದಳು. ಮೊದಲನೆಯದು ಮೇ 19ರದು, ನಾಲ್ಕು ನಿಮಿಷ. ಅದರಲ್ಲಿ ದೆಲಿಸಳ ಮನೆಯಿರಲಿಲ್ಲ. ತಾಸ್ಯೋನ ಮನೆಯದೇ ಮಾಡು. ತುಕ್ಕು ಹಿಡಿದ ತಗಡಿನ ಮೇಲೆ ಡ್ರೋನ್ ಮೆಲ್ಲಗೆ ಹೋಗಿ, ಒಂದು ಸೀಳಿನ ಮೇಲೆ ನಿಲ್ಲುತ್ತದೆ.

"ಇದೇನು ಮಾಮ?"

"ಮಾಡು ಸೋರ್ತಿತ್ತು. ಎಲ್ಲಿ ಅಂತ ಗೊತ್ತಾಗ್ತಿರ್ಲಿಲ್ಲ, ಏಣಿ ಹತ್ತೋಕೆ ಮಂಡಿ ನೋವು. ಫೋನಲ್ಲಿ ಹೇಳಿದ್ದೆ. ಅದಕ್ಕೇ ತಗೊಂಡಿದ್ಲು."

ನೆನಿತಾ ತುಣುಕನ್ನು ಕೊನೆಯವರೆಗೆ ಬಿಟ್ಟಳು. ಡ್ರೋನ್ ಮಾಡು ಬಿಟ್ಟು ಅಂಗಳದ ಮೇಲೆ ಬರುತ್ತದೆ. ಕೆಳಗೆ ಒಬ್ಬ ಮುದುಕ ಯಂತ್ರ ಹಿಡಿದು ನಿಂತಿದ್ದಾನೆ. ತಲೆಯೆತ್ತಿ ನೋಡಿ, ಯಾರೋ ಅಲ್ಲಿಂದ ತನ್ನನ್ನು ನೋಡುತ್ತಿರುವಂತೆ ಕೈಯೆತ್ತಿ ಬೀಸುತ್ತಾನೆ. ಅವಳು ಪಟ್ಟಿಯಲ್ಲಿ ಕ್ರಮಸಂಖ್ಯೆ ಒಂದು ಎಂದು ಬರೆದು, ಎದುರಿಗೆ ವಿವರ ಏನು ಬರೆಯಬೇಕೆಂದು ತಬಿಯೋಸರನ್ನು ಕೇಳಿದಳು.

"ಸ್ವಂತ ಬಳಕೆ ಅಂತ ಬರಿ," ಅಂದರು ಅವರು.